ಶೆಲ್‌ಚೆಕ್: ಸ್ಕ್ರಿಪ್ಟ್ ಓಡಿಸುವ ಮೊದಲು ಇದಕ್ಕೊಮ್ಮೆ ತೋರಿಸಿ

ನನ್ನ ಲ್ಯಾಪ್‌ಟಾಪಿನಲ್ಲಿ 14 ಗಿಟ್ ರೆಪೊಗಳಿವೆ, ಅಂದರೆ ಕೋಡಿನ ಬದಲಾವಣೆಗಳನ್ನು ಗಿಟ್ ದಾಖಲಿಸಿಡುವ ಫೋಲ್ಡರುಗಳು. ದಿನಾ ಬೆಳಿಗ್ಗೆ ಒಂದೊಂದಕ್ಕೂ ಹೋಗಿ ಪುಲ್ ಮಾಡುವುದು (ಹೊಸ ಬದಲಾವಣೆಗಳನ್ನು ಇಳಿಸಿಕೊಳ್ಳುವುದು) ಬೇಜಾರಿನ ಕೆಲಸ. ಅದಕ್ಕೆ ಒಂದು ಬ್ಯಾಷ್ ಸ್ಕ್ರಿಪ್ಟ್ (ಬ್ಯಾಷ್ ಅನ್ನುವ ಶೆಲ್ ಸಾಲಾಗಿ ಓಡಿಸುವ ಕಮಾಂಡುಗಳು) ಬರೆದುಕೊಂಡಿದ್ದೆ. ಪಟ್ಟಿಯಲ್ಲಿರುವ ಫೋಲ್ಡರಿಗೆ 'ಸಿಡಿ' ಮಾಡು (ಅದರೊಳಗೆ ಹೋಗು), ಹಳೇ ಬಿಲ್ಡಿನ ಕಸವನ್ನು 'ಗಿಟ್ ಕ್ಲೀನ್ ಮೈನಸ್ ಎಫ್‌ಡಿಎಕ್ಸ್' ಹಾಕಿ ಗುಡಿಸು, ಪುಲ್ ಮಾಡು, ಮುಂದಿನದಕ್ಕೆ ಹೋಗು. ಆರು ತಿಂಗಳು ಚೆನ್ನಾಗಿಯೇ ಓಡಿತು.

ಒಂದು ದಿನ ಪಟ್ಟಿಯ ಮೊದಲನೇ ಫೋಲ್ಡರಿನ ಹೆಸರು ಬದಲಿಸಿದೆ. ಪಟ್ಟಿಯಲ್ಲಿ ತಿದ್ದಲು ಮರೆತೆ. ಮರುದಿನ 'ಸಿಡಿ' ಆಗಲಿಲ್ಲ. ಅಷ್ಟಕ್ಕೆ ಬ್ಯಾಷ್ ನಿಲ್ಲುತ್ತದೆಯೇ? ನಿಂತ ಜಾಗದಲ್ಲೇ, ಅಂದರೆ ನನ್ನ ಸ್ಕ್ರಿಪ್ಟುಗಳ ರೆಪೊದಲ್ಲೇ, ಗುಡಿಸಿಬಿಟ್ಟಿತು. ಪಾಸ್‌ವರ್ಡುಗಳಿದ್ದ 'ಡಾಟ್ ಎನ್ವ್' ಫೈಲ್ ಹೋಯಿತು. ಗಿಟ್‌ಇಗ್ನೋರಿನಲ್ಲಿದ್ದ, ಅಂದರೆ ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ಬರೆದಿಟ್ಟ ಫೈಲನ್ನೂ ಆ 'ಎಕ್ಸ್' ಬಿಡುವುದಿಲ್ಲ. ಕಮಿಟ್ ಮಾಡಿರದ (ಗಿಟ್‌ನಲ್ಲಿ ದಾಖಲಿಸಿರದ) ಫೈಲು, ವಾಪಸ್ ತರುವ ದಾರಿಯೂ ಇಲ್ಲ.

"ಶೆಲ್‌ಚೆಕ್ ಹಾಕಿ ನೋಡ್ಲಿಲ್ವಾ ಮಾರಾಯಾ?" ಅಂದರು ಪಕ್ಕದ ಸೀಟಿನವರು. ಶೆಲ್‌ಚೆಕ್ ಅಂದರೆ ಸ್ಕ್ರಿಪ್ಟನ್ನು ಓಡಿಸದೆಯೇ ಓದಿ ತಪ್ಪು ಹುಡುಕುವ ಟೂಲ್. ಅದಕ್ಕೆ ಅದೇ ಸ್ಕ್ರಿಪ್ಟನ್ನು ಕೊಟ್ಟು ನೋಡಿದೆ. 'ಸಿಡಿ' ಸಾಲಿನ ಕೆಳಗೇ ಎಸ್‌ಸಿ2164 ಅನ್ನುವ ಎಚ್ಚರಿಕೆ ಬಂತು: ಸಿಡಿ ಆಗದೇ ಹೋದರೆ ಏನು ಮಾಡಬೇಕು ಅಂತ ಬರಿ. 'ಸಿಡಿ' ಸಾಲಿನ ಕೊನೆಗೆ ಎರಡು ಪೈಪ್ ಗೀಟು ಎಳೆದು 'ಕಂಟಿನ್ಯೂ' ಅಂತ ಸೇರಿಸಿದೆ, ಅಂದರೆ ಆಗದಿದ್ದರೆ ಇದನ್ನು ಬಿಟ್ಟು ಮುಂದಿನದಕ್ಕೆ ಹೋಗು ಅಂತ. ಮುಗಿಯಿತು. ಒಂದು ಪದ!

ವಿಡಾರ್ ಹೋಲೆನ್ ಅನ್ನುವವರು ಹ್ಯಾಸ್ಕೆಲ್‌ನಲ್ಲಿ ಬರೆದ ಓಪನ್ ಸೋರ್ಸ್ ಟೂಲ್ ಇದು. ದುಡ್ಡು ಕೊಡಬೇಕಿಲ್ಲ. ಉಬುಂಟುವಿನಲ್ಲಿ ಆಪ್ಟ್‌ನಿಂದ ಬರುತ್ತದೆ. ಇನ್‌ಸ್ಟಾಲ್ ಬೇಡ ಅಂದರೆ ಅದರ ವೆಬ್‌ಸೈಟಿನಲ್ಲಿ ಪೇಸ್ಟ್ ಮಾಡಿದರೂ ಸಾಕು. ನನಗೆ ಇಷ್ಟವಾಗಿದ್ದು ಆ ನಂಬರುಗಳು. ಪ್ರತಿ ನಂಬರಿಗೂ ವಿಕಿಯಲ್ಲಿ ಒಂದು ಪುಟ ಇದೆ. ಯಾವುದು ತಪ್ಪು, ಯಾಕೆ ತಪ್ಪು, ಹೇಗೆ ಬರೆಯಬೇಕು, ಎಲ್ಲಾ ಇದೆ. ಬ್ಯಾಷ್ ಕಲಿತಿದ್ದೇ ಆ ಪುಟಗಳಿಂದ ಅಂದರೂ ತಪ್ಪಿಲ್ಲ.

ಆದರೆ ಇದಕ್ಕೆ ಶೆಲ್ ಗೊತ್ತು, ಗಿಟ್ ಗೊತ್ತಿಲ್ಲ. ಮರ್ಜ್ ಆದ ಬ್ರಾಂಚುಗಳನ್ನು (ಮುಖ್ಯ ಕೋಡಿಗೆ ಸೇರಿಹೋದ ಕವಲುಗಳನ್ನು) ಅಳಿಸಲು 'ಗಿಟ್ ಬ್ರಾಂಚ್' ಕೊಡುವ ಹೆಸರುಗಳ ಪಟ್ಟಿಯನ್ನು ಫಾರ್ ಲೂಪಿಗೆ ಕೊಟ್ಟಿದ್ದೆ. ಶೆಲ್‌ಚೆಕ್ ತುಟಿ ಪಿಟಕ್ಕೆನ್ನಲಿಲ್ಲ. ಓಡಿಸಿದರೆ 'ರೀಡ್‌ಮಿ ಅನ್ನುವ ಬ್ರಾಂಚ್ ಇಲ್ಲ' ಅಂತ ಎರರ್! ಆ ಹೆಸರಿನ ಬ್ರಾಂಚ್ ನಾನು ಯಾವತ್ತು ಮಾಡಿದ್ದೆ? 'ಬ್ಯಾಷ್ ಮೈನಸ್ ಎಕ್ಸ್' ಹಾಕಿ ಒಂದೊಂದೇ ಸಾಲು ನೋಡಿದಾಗ ಗೊತ್ತಾಯಿತು. ಈಗ ನಿಂತಿರುವ ಬ್ರಾಂಚಿನ ಮುಂದೆ ಗಿಟ್ ಒಂದು ನಕ್ಷತ್ರ ಹಾಕುತ್ತದಲ್ಲ, ಬ್ಯಾಷ್ ಅದನ್ನು 'ಇಲ್ಲಿರುವ ಎಲ್ಲಾ ಫೈಲು' ಅಂತ ಓದಿಕೊಂಡಿತ್ತು. ಸದ್ಯ, ಅಳಿಸಲು ಚಿಕ್ಕ 'ಡಿ' ಹಾಕಿದ್ದೆ, ಅದು ಮರ್ಜ್ ಆಗದ ಬ್ರಾಂಚನ್ನು ಅಳಿಸುವುದಿಲ್ಲ. ಈಗ 'ಗಿಟ್ ಫಾರ್-ಈಚ್-ರೆಫ್' ಬಳಸುತ್ತೇನೆ, ಅದರಲ್ಲಿ ನಕ್ಷತ್ರದ ಕಾಟ ಇಲ್ಲ.

ಝಡ್‌ಶೆಲ್ ಅನ್ನುವ ಇನ್ನೊಂದು ಶೆಲ್ಲಿನ ಸ್ಕ್ರಿಪ್ಟುಗಳಿಗೆ ಶೆಲ್‌ಚೆಕ್ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ಫೈಲನ್ನು ಸೋರ್ಸ್ ಮಾಡಿದರೆ (ಸ್ಕ್ರಿಪ್ಟಿನೊಳಗೆ ಸೇರಿಸಿಕೊಂಡರೆ) ಎಸ್‌ಸಿ1091 ಅಂತ ಸುಮ್ನೆ ಗೊಣಗುತ್ತದೆ. ಅದನ್ನು ಕಾಮೆಂಟ್ ಹಾಕಿ ಬಾಯಿ ಮುಚ್ಚಿಸಬಹುದು.

ಹೋದ ವಾರ ಶೆಲ್‌ಚೆಕ್ಕನ್ನು ಪ್ರೀ-ಕಮಿಟ್ ಹುಕ್ಕಿಗೇ, ಅಂದರೆ ಕಮಿಟ್ ಆಗುವ ಮೊದಲು ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟಿಗೇ, ಸೇರಿಸಿದೆ. ತಪ್ಪಿದ್ದರೆ ಕಮಿಟ್ ಆಗಬಾರದು ಅಂತ. ಹುಕ್ಕಿನ ಸ್ಕ್ರಿಪ್ಟನ್ನೂ ಅದೇ ರೆಪೊದಲ್ಲಿಟ್ಟು ಕಮಿಟ್ ಮಾಡಲು ಹೋದೆ. ತಡೆಯಿತು. ಎಸ್‌ಸಿ2086, ವೇರಿಯಬಲ್ಲಿಗೆ ಕೋಟ್ ಹಾಕಿಲ್ಲ. ಹುಕ್ಕಿನ 7ನೇ ಸಾಲಿನಲ್ಲಿ, ಶೆಲ್‌ಚೆಕ್ಕನ್ನು ಕರೆಯುವ ಸಾಲಿನಲ್ಲೇ.