ಭೂತನಾಳ ಕೆರೆಯ ದಂಡೆಗೆ 8×42 ದುರ್ಬೀನು

ವಿಜಯಪುರದ ಭೂತನಾಳ ಕೆರೆಯ ದಂಡೆಯಲ್ಲಿ ಹಕ್ಕಿ ನೋಡಲು ಯಾವ ದುರ್ಬೀನು ತಕ್ಕದ್ದೆಂದು ಕೇಳುವವರಿಗೆ, ಕಳೆದ ಚಳಿಗಾಲದಿಂದ ನಾನು ಬಳಸುತ್ತಿರುವ 8×42 ಅಳತೆಯದನ್ನೇ ಸೂಚಿಸುತ್ತೇನೆ. ಇದರಲ್ಲಿ 8 ಎಂಬುದು ದೂರದ ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ, 42 ಎಂಬುದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದನ್ನೂ ಸೂಚಿಸುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣನ್ನು ತಲುಪುವ ಬೆಳಕಿನ ವೃತ್ತದ ಅಗಲ 5.25 ಮಿ.ಮೀ. ಬರುವುದರಿಂದ, ನಸುಕಿನ ಮಂದ ಬೆಳಕಿನಲ್ಲಿಯೂ ನೀರುಕಾಗೆಯ ಕೊಕ್ಕಿನ ಬಾಗು ಸ್ಪಷ್ಟವಾಗಿ ಕಾಣುತ್ತದೆ. ಜೇಬಿಗೆ ಹಿಡಿಸುವ 10×25ರಲ್ಲಿ ಆ ಅಗಲ 2.5 ಮಾತ್ರ, ಮೇಲಾಗಿ ಕೈಯ ಸಣ್ಣ ನಡುಕವೂ ಅದರಲ್ಲಿ ಹೆಚ್ಚಾಗಿ ತೋರುತ್ತದೆ.

ಟಿಟ್ಟಿಭ ಬಯಲು ನೆಲದ ಕಲ್ಲುಗಳ ನಡುವೆಯೇ ಮೊಟ್ಟೆಯಿಡುವ ಹಕ್ಕಿಯಾದ್ದರಿಂದ, ಅದು ಕೂಗತೊಡಗುವಷ್ಟು ಸಮೀಪ ಹೋಗದೆ ದೂರದಿಂದಲೇ ನೋಡಲು ಸಾಧ್ಯವಾಗುವುದು ಈ ಸಾಧನದ ದೊಡ್ಡ ಗುಣವೆಂದು ನನ್ನ ಎಣಿಕೆ. (ಮೊಬೈಲ್ ಹಿಡಿದು ಗೂಡಿನವರೆಗೆ ನಡೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು.)

ಕೊರತೆಗಳೂ ಇವೆ. ಜೊತೆಗೆ ಬಂದ ಪಟ್ಟಿ ತೀರ ತೆಳುವಾಗಿದ್ದು, ಒಂದು ತಾಸಿನಲ್ಲಿ ಕುತ್ತಿಗೆ ನೋಯುತ್ತದೆ. ನಮ್ಮ ಎರೆಮಣ್ಣಿನ ಧೂಳು ಮಸೂರಕ್ಕೆ ಬೇಗ ಅಂಟುತ್ತದೆ. ಅದನ್ನು ಮೊದಲು ಗಾಳಿಯಿಂದ ಹಾರಿಸದೆ ಬಟ್ಟೆಯಲ್ಲಿ ಒರೆಸಿದರೆ ಮೇಲಿನ ಲೇಪಕ್ಕೆ ಗೀರು ಬೀಳುತ್ತದೆ.

ಕೊಳ್ಳುವ ಮುನ್ನ ಅಂಗಡಿಯಿಂದ ಹೊರಬಂದು ದೂರದ ನಾಮಫಲಕವನ್ನೋ, ಗೋಳಗುಮ್ಮಟದ ಮಿನಾರಿನ ಕಿಟಕಿಗಳನ್ನೋ ನೋಡಿ ಪರೀಕ್ಷಿಸಬೇಕು. ಅಂಚುಗಳು ಎರಡೆರಡಾಗಿ ಕಂಡರೆ ಒಳಗಿನ ಪಟ್ಟಕಗಳ ಜೋಡಣೆ ತಪ್ಪಿದೆಯೆಂದೇ ತಿಳಿದು ಬೇರೊಂದನ್ನು ಕೇಳಬೇಕು.