ಮೂಗು ಕಟ್ಟುವವರಿಗೆ ಸಿಪ್ಯಾಪ್: ನೀರಿನ ಡಬ್ಬಿ ಮತ್ತು ಬಿಸಿ ಪೈಪ್

ಹೆಂಗಸರೂ ಗೊರಕೆ ಹೊಡೆಯುತ್ತಾರೆ. ನಾನು ಹೊಡೆಯುತ್ತಿದ್ದೆ, ನಮ್ಮ ಯಜಮಾನರು ಹಾಲ್‌ನ ದಿವಾನಕ್ಕೆ ಎದ್ದು ಹೋಗುವಷ್ಟು. ಸ್ಲೀಪ್ ಟೆಸ್ಟ್ ಮಾಡಿಸಿದರೆ ಗಂಟೆಗೆ 34 ಸಲ ಉಸಿರು ನಿಲ್ಲುವುದೋ ಕುಗ್ಗುವುದೋ ಆಗುತ್ತಿದೆ ಎಂದು ಬಂತು. 30 ದಾಟಿದರೆ ತೀವ್ರ ಅಂತ ಲೆಕ್ಕ. ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಮಷಿನ್ ಮನೆಗೆ ಬಂತು. ಆ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವ ನೀರಿನ ಡಬ್ಬಿ, ಅಂದರೆ ಹ್ಯುಮಿಡಿಫೈಯರ್, ಬೇರೆ ಕೊಳ್ಳಬೇಕಿತ್ತು. ಯಾಕೆ ಸುಮ್ನೆ ಖರ್ಚು ಎಂದು ಬಿಟ್ಟೆ.

ನನಗೆ ಮೊದಲೇ ಧೂಳಿನ ಅಲರ್ಜಿ. ರಾತ್ರಿ ಎರಡಕ್ಕೆ ಮೂಗು ಕಟ್ಟುತ್ತಿತ್ತು, ಬಾಯಿ ತೆರೆದುಕೊಳ್ಳುತ್ತಿತ್ತು, ಗಾಳಿಯೆಲ್ಲ ಬುಸ್ಸೆಂದು ಹೊರಗೆ. ನಾಲಿಗೆ ಒಣಗಿದ ಹಪ್ಪಳ. ಮಾಸ್ಕ್ ಕಿತ್ತು ದಿಂಬಿನ ಪಕ್ಕಕ್ಕೆ. ಬೆಳಿಗ್ಗೆ ಆ್ಯಪ್ ನೋಡಿದರೆ 1 ಗಂಟೆ 50 ನಿಮಿಷ. ಡಾಕ್ಟರ್ ಕನಿಷ್ಠ 4 ಗಂಟೆ ಕೇಳಿದ್ದರು. ಮಾರಿದವರು "ಬಾಯಿಯೂ ಮುಚ್ಚುವ ದೊಡ್ಡ ಮಾಸ್ಕ್ ತಗೊಳ್ಳಿ ಮೇಡಂ" ಅಂದರು. ತಗೊಂಡೆ. ದುಡ್ಡು ದಂಡ. ಮೂಗಿನ ಮೇಲೆ ಕೆಂಪು ಗೆರೆ ಬಂತು, ಮೂಗು ಬಿಡಲಿಲ್ಲ.

ಕೊನೆಗೆ ಇಎನ್‌ಟಿ ಡಾಕ್ಟರ್ ಬಿಡಿಸಿ ಹೇಳಿದರು. ಬಾಯಿಂದ ಗಾಳಿ ಸೋರಿದರೆ ಒಣ ಗಾಳಿ ಮೂಗಿನಲ್ಲಿ ಒಂದೇ ದಿಕ್ಕಿಗೆ ನುಗ್ಗುತ್ತಲೇ ಇರುತ್ತದೆ. ಒಳಪದರ ಒಣಗಿ ಇನ್ನೂ ಊದಿಕೊಳ್ಳುತ್ತದೆ. ಮೂಗು ಮತ್ತೂ ಕಟ್ಟುತ್ತದೆ. ಕುದಿಸಿ ಆರಿಸಿದ ನೀರಿಗೆ ಉಪ್ಪಿನ ಪುಡಿ ಬೆರೆಸಿ ಮೂಗು ತೊಳೆಯಲು ಹೇಳಿದರು, ಸ್ಟೀರಾಯ್ಡ್ ಸ್ಪ್ರೇ ಬರೆದರು. ಮೆಡಿಕಲ್‌ನಲ್ಲಿ ಸಿಗುವ ಮೂಗು ಬಿಡಿಸುವ ಡ್ರಾಪ್ಸ್ ದಿನಾ ಹಾಕಿದರೆ ತಿರುಗಿ ಜಾಸ್ತಿ ಕಟ್ಟುತ್ತದೆ ಎಂದು ಬೈದರು. ನಾನು ಅದನ್ನೇ ಮಾಡುತ್ತಿದ್ದೆ!

ಆಮೇಲೆ ಡಬ್ಬಿ ಕೊಂಡೆ. ಮೂರನೇ ರಾತ್ರಿಗೇ ವ್ಯತ್ಯಾಸ ಗೊತ್ತಾಯಿತು. ಆದರೆ ಡಿಸೆಂಬರ್‌ನಲ್ಲಿ ಪೈಪಿನೊಳಗೆ ಹಬೆ ತಣ್ಣಗಾಗಿ ನೀರಾಗಿ ಗುಳುಗುಳು ಶಬ್ದ, ಒಮ್ಮೆ ಮೂಗಿಗೇ ಚಿಮ್ಮಿತು. ಹಳೇ ಕಾಟನ್ ಸೀರೆ ಸುತ್ತಿ ನೋಡಿದೆ, ಅರ್ಧಂಬರ್ಧ. ಒಳಗೆ ತಂತಿಯಿರುವ ಬಿಸಿ ಪೈಪ್ ಹಾಕಿದ ಮೇಲೆ ಗುಳುಗುಳು ನಿಂತಿತು. ನನ್ನ ಲೆಕ್ಕದಲ್ಲಿ ದೊಡ್ಡ ಮಾಸ್ಕ್‌ಗೆ ಸುರಿದ ದುಡ್ಡು ಇದಕ್ಕೆ ಹೋಗಬೇಕಿತ್ತು.

ಕಿರಿಕಿರಿ ಇಲ್ಲ ಎಂದಲ್ಲ. ನಲ್ಲಿ ನೀರು ಹಾಕಿದರೆ ಡಬ್ಬಿಯ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ, ಡಿಸ್ಟಿಲ್ಡ್ ವಾಟರ್ ತರಬೇಕು. ದಿನಾ ತೊಳೆಯಬೇಕು. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಓಡಿಸುವುದಾದರೆ ಬಿಸಿ ಆಫ್ ಮಾಡಿ, ಬ್ಯಾಟರಿ ಬೇಗ ಕುಡಿದುಬಿಡುತ್ತದೆ.

ಈಗ ಆರೂವರೆ ಗಂಟೆ ಹಾಕಿಕೊಳ್ಳುತ್ತೇನೆ, ಗೊರಕೆ ಇಲ್ಲ. ಯಜಮಾನರು ಮಾತ್ರ ಇನ್ನೂ ದಿವಾನದಲ್ಲೇ. ಅಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬರುತ್ತದಂತೆ.