ದುಬೈ ಬಾಕ್ಸ್, ಅಮೆರಿಕದ ಟಿವಿ, ಇಲ್ಲಿಯ ಫ್ರೀ ಡಿಶ್: ವಿಜಯಪುರದ ಮಾಳಿಗೆಗೆ ಯಾವುದು ಹೊಂದುತ್ತದೆ?

ಮೊದಲೇ ಹೇಳಿಬಿಡುವುದು ಒಳ್ಳೆಯದು: ವಿಜಯಪುರದಲ್ಲಿ ತಿಂಗಳ ಬಾಡಿಗೆ ಇಲ್ಲದೆ ಟಿವಿ ನೋಡಬೇಕೆಂದರೆ ಇಲ್ಲಿಯ ಅಂಗಡಿಯಲ್ಲಿ ಸಿಗುವ ಎಂಪೆಗ್-4 ಫ್ರೀ ಡಿಶ್ ಬಾಕ್ಸೇ ಸರಿ. ಫ್ರೀ ಡಿಶ್ ಎಂದರೆ ಉಪಗ್ರಹದಿಂದ ಬರುವ ದೂರದರ್ಶನದ ಉಚಿತ ಸೇವೆ; ಎಂಪೆಗ್-2, ಎಂಪೆಗ್-4 ಎಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಹಳೆಯ ಮತ್ತು ಹೊಸ ವಿಧಾನಗಳು. ದುಬೈನಿಂದ ಬಂದ ಸ್ಯಾಟಲೈಟ್ ರಿಸೀವರ್, ಅಮೆರಿಕದಿಂದ ಬಂದ ಟಿವಿ ಎರಡನ್ನೂ ಹಚ್ಚಿ ನೋಡಿದ ಮೇಲೆ ಹೇಳುವ ಮಾತಿದು. ಹೊರಗಿನದು ಕೆಟ್ಟ ಮಾಲು ಅಂತಲ್ಲ. ಪ್ರಸಾರದ ಪದ್ಧತಿ ದೇಶಕ್ಕೊಂದು ಇರುತ್ತದೆ. ಡಬ್ಬಿಯ ಮೇಲೆ ‘ಡಿಜಿಟಲ್’ ಎಂದು ಬರೆದ ಮಾತ್ರಕ್ಕೆ ಅದು ಇಲ್ಲಿಯ ಸಿಗ್ನಲ್ ಹಿಡಿಯುವುದಿಲ್ಲ.

ಅಮೆರಿಕದ ಟಿವಿಯೊಳಗಿನ ಟ್ಯೂನರ್ ಎಟಿಎಸ್‌ಸಿ ಪದ್ಧತಿಯದು. ಭಾರತದಲ್ಲಿ ಆ ಪ್ರಸಾರವೇ ಇಲ್ಲ, ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಪಟ್ಟಿ ಖಾಲಿ. ಆಂಟೆನಾದಿಂದ ಸಿಗ್ನಲ್ ಹಿಡಿಯುವ ಇಂಗ್ಲೆಂಡಿನ ಡಿವಿಬಿ-ಟಿ2 ಬಾಕ್ಸ್ ತಂದರೂ ನಮಗೆ ಲಾಭವಿಲ್ಲ: ದೂರದರ್ಶನ 2016ರಲ್ಲಿ ಆ ಪ್ರಸಾರವನ್ನು 16 ನಗರಗಳಲ್ಲಿ ಶುರು ಮಾಡಿತು, ಅವುಗಳಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ಜಪಾನಿನದು ಐಎಸ್‌ಡಿಬಿ-ಟಿ, ಕರೆಂಟು 100 ವೋಲ್ಟ್. ತರುವ ಯೋಚನೆಯೇ ಬೇಡ.

ಅಮೆರಿಕದ ಟಿವಿಯನ್ನು ಬರೀ ಪರದೆಯಾಗಿ ಬಳಸಬಹುದು, ಆದರೆ ಹಿಂಬದಿಯ ಚೀಟಿ ಓದಿದ ಮೇಲೆ. 100–240 ವೋಲ್ಟ್ ಎಂದಿದ್ದರೆ ಪಿನ್ ಬದಲಿಸಿದರೆ ಸಾಕು. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ನೇರ ಹಚ್ಚಬಾರದು, ಪವರ್ ಬೋರ್ಡೇ ಸುಟ್ಟುಹೋಗುತ್ತದೆ. ಟಿವಿ ಎಷ್ಟು ವ್ಯಾಟ್ ಎಳೆಯುತ್ತದೋ ಅದಕ್ಕಿಂತ ಧಾರಾಳವಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಇನ್ನೊಂದು ತೊಡಕು: ಅಲ್ಲಿಯ ಕೆಲವು ಟಿವಿಗಳು 50 ಹರ್ಟ್ಸ್ ಚಿತ್ರವನ್ನು ಎಚ್‌ಡಿಎಂಐಯಲ್ಲೂ ಒಪ್ಪುವುದಿಲ್ಲ. ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಔಟ್‌ಪುಟ್ಟನ್ನು 720ಪಿ 60 ಅಥವಾ 1080ಐ 60ಕ್ಕೆ ಬದಲಿಸಿದರೆ ಚಿತ್ರ ಬರುತ್ತದೆ. ಮೂರು ಬಣ್ಣದ ಎವಿ ವೈರು ಹಚ್ಚಿದಾಗ ಚಿತ್ರ ಕಪ್ಪು-ಬಿಳುಪಾಗಿ ಉರುಳಿದರೆ ಬಾಕ್ಸ್ ಇಲ್ಲಿಯ ಪಾಲ್ ಬಣ್ಣದ ಪದ್ಧತಿಯಲ್ಲಿದೆ, ಟಿವಿ ಅಮೆರಿಕದ ಎನ್‌ಟಿಎಸ್‌ಸಿ ಕೇಳುತ್ತಿದೆ ಎಂದರ್ಥ.

ದುಬೈ ಬಾಕ್ಸಿನ ಕಥೆ ಬೇರೆ, ತಲೆ ತಿನ್ನುವುದೂ ಅದೇ. ಡಿವಿಬಿ-ಎಸ್2 (ಉಪಗ್ರಹ ಪ್ರಸಾರದ ಹೊಸ ಪದ್ಧತಿ; ಬರೀ ಡಿವಿಬಿ-ಎಸ್ ಹಳೆಯದು) ಎಂದು ಬರೆದಿದ್ದರೆ ಅದು ಫ್ರೀ ಡಿಶ್ ಹಿಡಿಯಲೇಬೇಕು. ಆದರೆ ಹಚ್ಚಿದ ಕೂಡಲೇ ಹಿಡಿಯುವುದಿಲ್ಲ. ಅದರ ಪಟ್ಟಿಯಲ್ಲಿ ಮೊದಲಿಗೆ ಅರಬ್ ನಾಡಿನ ಉಪಗ್ರಹಗಳಾದ ನೈಲ್‌ಸ್ಯಾಟ್, ಅರಬ್‌ಸ್ಯಾಟ್ ಇರುತ್ತವೆ. ಪಶ್ಚಿಮ 7 ಡಿಗ್ರಿಯ ನೈಲ್‌ಸ್ಯಾಟ್ ವಿಜಯಪುರದಿಂದ ದಿಗಂತದ ಕೆಳಗೇ ಉಳಿಯುತ್ತದೆ, ಛತ್ರಿ (ಡಿಶ್ ಆಂಟೆನಾ) ಯಾವ ಕಡೆ ತಿರುಗಿಸಿದರೂ ಸಿಗದು. ನಮಗೆ ಬೇಕಾದ್ದು ಪೂರ್ವ 93.5 ಡಿಗ್ರಿಯ ಜಿಸ್ಯಾಟ್-15. ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ಉಪಗ್ರಹವನ್ನು ಕೈಯಿಂದಲೇ ಸೇರಿಸಬೇಕು.

ಸೇರಿಸಿದ ಮೇಲೂ ‘ಸ್ಟ್ರೆಂತ್’ 70, ‘ಕ್ವಾಲಿಟಿ’ 0 ಎಂದು ತೋರಿಸುತ್ತ ನಿಲ್ಲುತ್ತದೆ. ಇಲ್ಲಿಯೇ ಬಹಳ ಮಂದಿ ಮಾಳಿಗೆ ಹತ್ತಿ ಸರಿಯಾಗಿದ್ದ ಛತ್ರಿಯನ್ನು ತಿರುಗಿಸಿ ಕೆಡಿಸುತ್ತಾರೆ. ಸ್ಟ್ರೆಂತ್ ಎಂದರೆ ಎಲ್‌ಎನ್‌ಬಿಗೆ (ಛತ್ರಿಯ ಮುಂದೆ ಸಿಗ್ನಲ್ ಹಿಡಿಯುವ ತಲೆಗೆ) ಕರೆಂಟು ಮುಟ್ಟಿದೆ ಎಂಬುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಛತ್ರಿ ಸರಿಯಿದ್ದರೆ ತಪ್ಪು ಬಹಳ ಸಲ ಇರುವುದು 22 ಕಿಲೋಹರ್ಟ್ಸ್ ಟೋನ್‌ನಲ್ಲಿ, ಅಂದರೆ ಬಾಕ್ಸು ಕೇಬಲ್ಲಿನ ಮೂಲಕ ಎಲ್‌ಎನ್‌ಬಿಗೆ ಕಳಿಸುವ ಸನ್ನೆಯಲ್ಲಿ.

ಲೆಕ್ಕ ಹೀಗಿದೆ. ಫ್ರೀ ಡಿಶ್‌ನ ಒಂದು ಆವರ್ತನ 11090 ಮೆಗಾಹರ್ಟ್ಸ್. ಯೂನಿವರ್ಸಲ್ ಎಲ್‌ಎನ್‌ಬಿ ಅದರಿಂದ 9750 ಕಳೆದು 1340ನ್ನು ಕೇಬಲ್ಲಿನಲ್ಲಿ ಇಳಿಸುತ್ತದೆ. ಬಾಕ್ಸಿನ ಟ್ಯೂನರ್ ಕೇಳಿಸಿಕೊಳ್ಳುವುದು 950ರಿಂದ 2150ರವರೆಗೆ, ಆದ್ದರಿಂದ 1340 ಸಿಗುತ್ತದೆ. ಟೋನ್ ‘ಆನ್’ ಇದ್ದರೆ ಎಲ್‌ಎನ್‌ಬಿ 9750ರ ಬದಲು 10600 ಕಳೆಯುತ್ತದೆ. ಉಳಿಯುವುದು 490. ಅದು ಟ್ಯೂನರಿನ ಕಿವಿಗೇ ಬೀಳುವುದಿಲ್ಲ.

ಆದ್ದರಿಂದ ಮೆನುವಿನಲ್ಲಿ ಎಲ್‌ಎನ್‌ಬಿ ಜಾತಿ ‘ಯೂನಿವರ್ಸಲ್ 9750/10600’, ಎಲ್‌ಎನ್‌ಬಿ ಪವರ್ ಆನ್, 22 ಕಿಲೋಹರ್ಟ್ಸ್ ‘ಆಟೋ’ ಇಲ್ಲವೇ ‘ಆಫ್’, ಒಂದೇ ಛತ್ರಿ ಇದ್ದರೆ ಡೈಸೆಕ್ (ಹಲವು ಛತ್ರಿಗಳ ನಡುವೆ ಬದಲಿಸುವ ಸ್ವಿಚ್ಚು) ಆಫ್. 5150 ಎಂದು ಇದ್ದರೆ ಅದು ಸಿ ಬ್ಯಾಂಡಿನ ದೊಡ್ಡ ಛತ್ರಿಗೆ, ತೆಗೆದುಹಾಕಿ. ಆಮೇಲೆ 11090, ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ. ಛತ್ರಿಯ ದಿಕ್ಕು ಸರಿಯಿದ್ದರೆ ಕ್ವಾಲಿಟಿ ತಾನೇ ಏರುತ್ತದೆ. ಆಗ ಬ್ಲೈಂಡ್ ಸ್ಕ್ಯಾನ್ (ಬಾಕ್ಸೇ ಎಲ್ಲ ಆವರ್ತನಗಳನ್ನು ಹುಡುಕುವ ಸ್ಕ್ಯಾನ್) ಕೊಡಿ. ಫ್ಯಾಕ್ಟರಿ ರೀಸೆಟ್ ಒತ್ತಿದರೆ ಇದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಈ ಅಂಕಿಗಳನ್ನು ಚೀಟಿಯಲ್ಲಿ ಬರೆದು ಬಾಕ್ಸಿನ ತಳಕ್ಕೆ ಅಂಟಿಸಿಡಿ.

ಹಳೆಯ ದುಬೈ ಬಾಕ್ಸಿನ ಮೇಲೆ ಬರೀ ಡಿವಿಬಿ-ಎಸ್ ಎಂದಿದ್ದರೆ ಇಷ್ಟು ಪಾಡು ಪಟ್ಟರೂ ಅರ್ಧ ಚಾನೆಲ್ಲೇ ಸಿಕ್ಕಾವು. ಎಂಪೆಗ್-2 ಚಾನೆಲ್ ಬರುತ್ತವೆ, ಎಂಪೆಗ್-4ದವು ಬರುವುದಿಲ್ಲ.

ಛತ್ರಿಯ ದಿಕ್ಕು ಯಾವ ಬಾಕ್ಸ್ ಇದ್ದರೂ ಒಂದೇ: ಆಗ್ನೇಯಕ್ಕೆ, ಉತ್ತರದಿಂದ ಸುಮಾರು 132 ಡಿಗ್ರಿ, ದಿಗಂತದಿಂದ ಎತ್ತರ ಸುಮಾರು 61–62 ಡಿಗ್ರಿ.

ಇಲ್ಲಿಯ ಬಾಕ್ಸಿನಲ್ಲಿ ಮೇಲಿನ ಅಂಕಿಗಳೆಲ್ಲ ಮೊದಲೇ ತುಂಬಿರುತ್ತವೆ, ಬೆಲೆ ಸಾವಿರ-ಒಂದೂವರೆ ಸಾವಿರದ ಆಸುಪಾಸು. ಫ್ರೀ ಡಿಶ್‌ನ ಜಾಗಗಳು ಹರಾಜಿನಲ್ಲಿ ಹೋಗುವುದರಿಂದ ಚಾನೆಲ್‌ಗಳು ಆಗಾಗ ಬಂದುಹೋಗುತ್ತಿರುತ್ತವೆ. ಆಗೆಲ್ಲ ಮತ್ತೆ ಸ್ಕ್ಯಾನ್ ಮಾಡಬೇಕು. ಇದರಲ್ಲಿ ಅದು ಒಂದು ಗುಂಡಿಯ ಕೆಲಸ, ಮನೆಯ ಅಜ್ಜಿಯೂ ಮಾಡಿಕೊಂಡಾರು. ನನ್ನ ಒಲವು ಇದರ ಕಡೆಗೇ ಇರಲು ಮುಖ್ಯ ಕಾರಣ ಇದು. ಚಿತ್ರದ ಗುಣದಲ್ಲಿ ದುಬೈ ಬಾಕ್ಸಿಗೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ.

ರಾತ್ರಿ ವಾರ್ತೆ, ಚಂದನ, ಒಂದಿಷ್ಟು ಹಳೆಯ ಸಿನಿಮಾ ಸಾಕೆನ್ನುವ ಮನೆಗೆ ಈ ಲೆಕ್ಕ. ದುಡ್ಡು ಕಟ್ಟಿ ನೋಡುವ ಚಾನೆಲ್ಲೇ ಬೇಕೆಂದರೆ ಡಿಟಿಎಚ್ ಕಂಪನಿಯದೋ ಕೇಬಲ್‌ನವರದೋ ಬಾಕ್ಸ್ ಬೇಕೇ ಬೇಕು; ಆ ಸಿಗ್ನಲ್‌ಗೆ ಬೀಗ ಹಾಕಿರುತ್ತಾರೆ, ವಿದೇಶದ ಯಾವ ಬಾಕ್ಸೂ ಅದನ್ನು ತೆರೆಯಲಾರದು. ದುಬೈನಲ್ಲಿರುವ ಅಣ್ಣನೋ ಮಾವನೋ ಬಾಕ್ಸನ್ನು ಆಗಲೇ ಕೊಂಡಿದ್ದರೆ, ವಿಮಾನ ಹತ್ತುವ ಮುಂಚೆ ಡಿವಿಬಿ-ಎಸ್2 ಎಂಬ ಗುರುತಿನ ಫೋಟೊ ತರಿಸಿಕೊಳ್ಳಿ, ರಿಮೋಟ್ ಇದೆಯೇ ಎಂದೂ ಕೇಳಿ. ಆ ರಿಮೋಟ್ ಕಳೆದರೆ ಇಲ್ಲಿ ಅದಕ್ಕೆ ಜೋಡಿ ಹುಡುಕುವುದು ಕಷ್ಟ.